ಸಾವ್ಕಾರ ಮುನಿಸಿಕೊಂಡಿರಲಿಲ್ಲ

ಗಜೇಂದ್ರಗಡ
ಮಂಗಳವಾರ, 16-9-2025

ಚಿ. ಸೌ. ನಮ್ರತಾಳಿಗೆ,

ನಿನ್ನ ಅತ್ತೆ ಲೀಲಾಬಾಯಿ ಮನಸಾರೆ ಹರಸಿ ಬರೆಯುವುದು. ಹೇಗಿದ್ದೀಯಮ್ಮಾ? ಕಾಲಿನ ಬಾವು ಇಳಿಯಿತೇ? ಕಬ್ಬಿಣದ ಗುಳಿಗೆಗಳನ್ನು ನುಂಗುತ್ತಿದ್ದೀಯೋ, ಇಲ್ಲಿ ಮಾಡಿದ ಹಾಗೆ ತುಳಸಿ ಕಟ್ಟೆಯ ಮಣ್ಣಿನಲ್ಲಿ ಹೂಳುತ್ತಿದ್ದೀಯೋ? ಮೊನ್ನೆ ಮಣ್ಣು ಕೆದರುವಾಗ ಎಲ್ಲ ಸಿಕ್ಕವು. ನಮ್ಮ ತುಳಸಿ ಈ ವರ್ಷ ಇಷ್ಟು ಸೊಕ್ಕಿ ಬೆಳೆದದ್ದು ಯಾಕೆ ಎಂದು ಆಗ ತಿಳಿಯಿತು. ಬೈಯುತ್ತಿಲ್ಲ, ಆದರೆ ನಿಮ್ಮ ತಾಯಿಯ ಮನೆಯ ತುಳಸಿಗೆ ಆ ಉಪಕಾರ ಮಾಡಬೇಡ. ನಿನಗೆ ಎಂಟು ತುಂಬುತ್ತ ಬಂತು. ಎಡಮಗ್ಗುಲಾಗಿ ಮಲಗು, ಭಾರ ಎತ್ತಬೇಡ, ಊಟ ಬಿಡಬೇಡ.

ಫೋನಿದ್ದೂ ಯಾಕೆ ಪತ್ರ ಎಂದು ಕೇಳುತ್ತೀ. ನಿಮ್ಮ ಮನೆಗೆ ಫೋನು ಬಂದರೆ ನಿಮ್ಮ ತಾಯಿ ಸ್ಪೀಕರ್ ಹಚ್ಚಿ ಪಡಸಾಲೆಯ ನಡುವೆ ಇಡುತ್ತಾರೆ. ನಾನು ಹೇಳಿದ್ದನ್ನು ನಿನಗಿಂತ ಮೊದಲು ಅರ್ಧ ಓಣಿ ಕೇಳಿರುತ್ತದೆ. ಈ ಸುದ್ದಿ ನಿನ್ನೊಬ್ಬಳಿಗೆ. ನಾಳೆ ವಿಜಯೇಂದ್ರ ಚಕ್ಕುಲಿ ಡಬ್ಬಿ ಕೊಡಲು ನರಗುಂದಕ್ಕೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಗೋಡೆಗೆ ಒರಗಿ ಕುಳಿತು ಓದು. ನಿನ್ನ ಬೆಕ್ಕು ಸಾವ್ಕಾರನಿಗೆ ಮೈಯಲ್ಲಿ ಆರಾಮಿಲ್ಲ. ಸ್ವಲ್ಪವಲ್ಲ, ಬಹಳವೇ ಕೆಟ್ಟಿದೆ.

ನೀನು ವಿಡಿಯೋ ಹಚ್ಚಿ ಅವನನ್ನು ತೋರಿಸಿ ಎಂದಾಗಲೆಲ್ಲ ನಿನ್ನ ಗಂಡ ವಿಜಯೇಂದ್ರ, "ಮಾಳಿಗಿ ಮ್ಯಾಲ ಹೋಗ್ಯಾನ, ಎಷ್ಟು ಕರದ್ರೂ ಬರವಲ್ಲ" ಅನ್ನುತ್ತಿದ್ದನಲ್ಲ, ಆ ಹೊತ್ತಿಗೆ ಸಾವ್ಕಾರ ಅವನ ಕಾಲ ಬುಡದಲ್ಲೇ ಮಲಗಿರುತ್ತಿದ್ದ. ನಿಮ್ಮ ತಾಯಿಗೂ ಗೊತ್ತಿದೆ. "ಬಸರ ಹೆಣಮಗಳಿಗೆ ಇಂಥಾದ್ದೆಲ್ಲಾ ಹೇಳಬ್ಯಾಡ್ರಿ ಬೀಗರ, ಬಾಣಂತನ ಮುಗೀಲಿ" ಎಂದರು. ನಿಮ್ಮ ಮಾವನವರೂ ಹೌದೆಂದರು, ನಾನೂ ಗೋಣು ಹಾಕಿದೆ. ಆದರೆ ಮನಸ್ಸು ಒಪ್ಪಲಿಲ್ಲ. ವಿಜಯೇಂದ್ರ ಹೊಟ್ಟೆಯಲ್ಲಿದ್ದಾಗ ನನ್ನ ಅಜ್ಜಿ ರಾಜೂರಿನಲ್ಲಿ ಹಾಸಿಗೆ ಹಿಡಿದಿದ್ದಳು. ನನಗೆ ಯಾರೂ ಹೇಳಲಿಲ್ಲ. ಕೂಸಿನ ಜಾವಳ ತೆಗೆಸಿದ ಮೇಲೆ ಹೇಳಿದರು, ಅಷ್ಟರಲ್ಲಿ ಅಜ್ಜಿ ಹೋಗಿ ತಿಂಗಳುಗಳೇ ಕಳೆದಿದ್ದವು. ವಯಸ್ಸಾಗಿತ್ತು, ಹೋದಳು, ಅದನ್ನು ತಡೆದುಕೊಂಡೆ. ಮನೆಮಂದಿಯೆಲ್ಲ ಗೊತ್ತಿದ್ದೂ ನನ್ನ ಜೊತೆ ನಗುನಗುತ್ತ ಪಗಡೆ ಆಡಿದರಲ್ಲ, ಅದು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ. ನೀನು ನನ್ನ ಮೇಲೆ ಹಾಗೆ ಉರಿಯುವುದು ನನಗೆ ಬೇಡ.

ಶುರುವಾದದ್ದು ಹೀಗೆ. ಸೀಮಂತದ ಕುಬಸ ಮುಗಿಸಿ ನೀನು ಶ್ರಾವಣದಲ್ಲಿ ನರಗುಂದಕ್ಕೆ ಹೋದೆಯಲ್ಲ, ಅದೇ ವಾರ ನಮಗೆ ದಧಿವ್ರತ ಹಿಡಿಯಿತು. ತಿಂಗಳಿಡೀ ಮನೆಯಲ್ಲಿ ಹೆಪ್ಪು ಹಾಕುವಂತಿಲ್ಲ, ಮೊಸರು ಮಜ್ಜಿಗೆ ಒಳಗೆ ಬರುವಂತಿಲ್ಲ. ನಿನ್ನ ಸಾವ್ಕಾರನೋ ಮೊಸರನ್ನದ ಪ್ರಾಣಿ. ಹಾಲನ್ನ ಕಲಸಿ ಇಟ್ಟರೆ ಮೂಸಿ ನೋಡಿ ಹಿಂದೆ ಸರಿದು, ಬಾಲ ಸುತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದ. "ವ್ರತಾ ನಮಗ, ಸಿಟ್ಟು ಇವಗ" ಎಂದು ಮಾವನವರು ನಗುತ್ತಿದ್ದರು. ನೀನಿಲ್ಲದ ಬೇಸರ ಎಂದು ವಿಜಯೇಂದ್ರ ಅಂದ. ಹೋದ ವರ್ಷದ ದಧಿವ್ರತದಲ್ಲೂ ಅವನು ಹೀಗೆಯೇ ರಂಪ ಮಾಡಿದ್ದನಲ್ಲ, ಅದಕ್ಕೇ ನಾವ್ಯಾರೂ ಚಿಂತೆ ಮಾಡಲಿಲ್ಲ. ವ್ರತ ಮುಗಿದ ದಿನ ನಾನು ಗಟ್ಟಿ ಮೊಸರು ಹಾಕಿ ಅನ್ನ ಕಲಸಿ, ಹಬ್ಬದ ಎಡೆ ಬಡಿಸಿದ ಹಾಗೆ ಅವನ ಮುಂದಿಟ್ಟು ನಿಂತೆ. ಹತ್ತಿರ ಬಂದ, ಮೂಸಿದ, ಬಾಯಿ ತೆರೆದ, ತಿನ್ನಲಾಗಲಿಲ್ಲ. ಅಲ್ಲೇ ತಾಟಿನ ಪಕ್ಕದಲ್ಲಿ ಮಲಗಿಬಿಟ್ಟ. ಎತ್ತಿಕೊಂಡರೆ ಕೈಗೆ ಬರೀ ಎಲುಬು ಹತ್ತಿದವು. ಮುನಿಸಲ್ಲ ಮಾರಾಯ್ತಿ, ರೋಗ ಎಂದು ನನಗೆ ಆವಾಗ ಗೊತ್ತಾಯಿತು.

ಅವತ್ತೇ ರೋಣದ ದನದ ದವಾಖಾನೆಗೆ ಒಯ್ದೆವು. ಎಮ್ಮೆ, ಹೋರಿಗಳ ಪಾಳಿಯಲ್ಲಿ ನಾನು ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದೆ, ನೋಡಿದವರೆಲ್ಲ ನಗುತ್ತಿದ್ದರು. ನಗಲಿ. ಡಾಕ್ಟರು ರಕ್ತ ತೆಗೆದು ತಪಾಸಣೆಗೆ ಕಳಿಸಿದರು. ವರದಿ ಬಂದ ಮೇಲೆ ನನ್ನನ್ನು ಒಳಗೆ ಕರೆದು, "ಅಮ್ಮಾರ, ಎರಡೂ ಕಿಡ್ನಿ ಸೋತಾವ್ರಿ. ವಯಸ್ಸೂ ಆಗ್ಯದ. ಪೂರ್ತಿ ಚಲೋ ಆಗೂದಿಲ್ಲ. ಇದ್ದಷ್ಟು ದಿನ ತ್ರಾಸ ಆಗದಂಗ ಮನಿಯಾಗ ನೋಡ್ಕೋರಿ" ಎಂದು ಮೆತ್ತಗೆ ಹೇಳಿದರು. ಒಳ್ಳೆಯ ಮನುಷ್ಯ, ಸುಳ್ಳು ಧೈರ್ಯ ಕೊಡಲಿಲ್ಲ.

ಈಗ ನಮ್ಮ ಪಡಸಾಲೆಯೇ ದವಾಖಾನೆ. ತೊಟ್ಟಿಲು ಕಟ್ಟುವ ಕೊಂಡಿಗೆ ಸಲೈನಿನ ಚೀಲ ತೂಗುತ್ತದೆ. ಎದುರುಮನೆಯ ಜಬೀನ ನರ್ಸು ಎಂದು ನಿನಗೆ ಗೊತ್ತಲ್ಲ, ಅವಳು ದಿನಾ ಡ್ಯೂಟಿಗೆ ಹೋಗುವ ಮೊದಲು ಬಂದು ಹೆಗಲಿನ ಸಡಿಲು ಚರ್ಮ ಎತ್ತಿ ಸೂಜಿ ಚುಚ್ಚುತ್ತಾಳೆ. ನಾನು ಅವನ ಮುಂಗಾಲು ಹಿಡಿದು ನಿನ್ನ ಹೆಸರು ಹೇಳುತ್ತ ಕೂಡುತ್ತೇನೆ. ನಮು ಬರ್ತಾಳ, ನಮು ಬರ್ತಾಳ ಎಂದರೆ ಕಿವಿ ಈ ಕಡೆ ತಿರುಗಿಸುತ್ತಾನೆ, ಒದ್ದಾಡುವುದಿಲ್ಲ. ಸಲೈನು ತಣ್ಣಗಿದ್ದರೆ ನಡುಗುತ್ತಾನೆ. ಅದಕ್ಕೆ ಮಾವನವರು ಬೆಳಿಗ್ಗೆ ಎದ್ದು ಚೀಲವನ್ನು ಉಗುರುಬೆಚ್ಚಗಿನ ನೀರಿನ ಕೊಡಪಾನದಲ್ಲಿ ಇಟ್ಟಿರುತ್ತಾರೆ. ಇದೇ ಮಹಾನುಭಾವರು ಹೋದ ವರ್ಷ ಬೆಕ್ಕಿನ ಕೂದಲು ಪಂಚಾಂಗದ ಮೇಲೆ ಬಿತ್ತೆಂದು ಊಟ ಬಿಟ್ಟಿದ್ದರು, ನೆನಪಿದೆಯೇ? ಅವರ ಹಳೆಯ ಧೋತರ ಹರಿದು ಹಾಸಿಗೆ ಮಾಡಿದ್ದೇನೆ. ಒದ್ದೆ ಮಾಡಿಕೊಂಡಾಗ ಅವರೇ ಬದಲಿಸುತ್ತಾರೆ. ಏನಾದರೂ ಸರಿ, ಬಾಯಿಗೆ ರುಚಿ ಹತ್ತಿದ್ದು ತಿನ್ನಲಿ ಎಂದು ಡಾಕ್ಟರು ಹೇಳಿದ್ದರಿಂದ ಜಬೀನ ತನ್ನ ಮನೆಯಲ್ಲಿ ಮೀನಿನ ತಿಳಿ ಕಾಸಿ, ತನ್ನ ಕಟ್ಟೆಯ ಮೇಲೆ ಕೂರಿಸಿಕೊಂಡು ನೆಕ್ಕಿಸುತ್ತಾಳೆ. ನಾನು ಆಗ ಈ ಕಡೆ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿರುತ್ತೇನೆ. ಕೆಲವು ದಿನ ನೆಕ್ಕುತ್ತಾನೆ, ಕೆಲವು ದಿನ ಇಲ್ಲ.

ನನ್ನ ಮಡಿಯ ವಿಷಯ ನೀನು ಕೇಳಿಯೇ ಕೇಳುತ್ತೀ. ಮೊದಲು ಅವನ ಸೇವೆ, ಆಮೇಲೆ ಸ್ನಾನ, ಮಡಿ, ದೇವರು ಎಂದು ಹೊಂದಿಸಿಕೊಂಡಿದ್ದೆ. ಮೊನ್ನೆ ನಾನು ಮಡಿಯಲ್ಲಿ ನೈವೇದ್ಯಕ್ಕೆ ಇಡುವಾಗ ಅವನು ಗೋಡೆ ಹಿಡಿದು ನಡೆಯುತ್ತ ಬಂದು ದೇವರಮನೆಯ ಹೊಸ್ತಿಲಲ್ಲಿ ಬಿದ್ದ. ಕಾಲು ನಾಲ್ಕೂ ನಾಲ್ಕು ದಿಕ್ಕಿಗೆ. ಪಾತ್ರೆ ಕೆಳಗಿಟ್ಟು ಎತ್ತಿಕೊಂಡೆ. ಮಾವನವರು ಗಾಬರಿಯಾಗಿ, "ಏ, ಮಡಿಯೊಳಗ ಇದ್ದಿ!" ಎಂದರು. "ಬಾವ್ಯಾಗ ನೀರು ಬತ್ಯಾವೇನ್ರಿ? ಮತ್ತೊಮ್ಮೆ ಮೈಮ್ಯಾಲ ಹಾಕ್ಕೋತೀನಿ" ಎಂದೆ. ನೀನು ಮದುವೆಯಾಗಿ ಸೇರು ಒದ್ದು ಒಳಗೆ ಬಂದಾಗ ಹಿಂದೆಯೇ ಬುಟ್ಟಿಯಲ್ಲಿ ಇವನು ಬಂದನೆಂದು ಮೂಗು ಮುರಿದವಳು ನಾನು. ಅದೇ ನಾನು ಮೊನ್ನೆ ಅವನನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟೆ ನೋಡು. ದೇವರಿಗೆ ಎಡೆ ತಡವಾಯಿತು, ದೇವರು ಏನೂ ಅನ್ನಲಿಲ್ಲ.

ಈಗ ನಿನ್ನನ್ನು ಕೇಳಬೇಕಾದ ಮಾತು. ನಿನ್ನೆ ಡಾಕ್ಟರು ಮನೆಗೇ ಬಂದು ನೋಡಿದರು. ಇನ್ನು ನೋವು ಹೆಚ್ಚಾಗುತ್ತ ಹೋಗುತ್ತದೆ, ನೀವು ಹೂಂ ಅಂದರೆ ಒಂದು ಸೂಜಿ ಹಾಕಿ ಶಾಂತವಾಗಿ ಮಲಗಿಸುತ್ತೇನೆ ಎಂದರು. ವಿಜಯೇಂದ್ರ ನನ್ನ ಮುಖ ನೋಡಿದ, ನಾನು ಮಾವನವರ ಮುಖ ನೋಡಿದೆ, ಅವರು ಎದ್ದು ಹಿತ್ತಿಲಿಗೆ ಹೋದರು. ಹೂಂ ಅನ್ನುವ ಹಕ್ಕು ನಮಗೆ ಯಾರಿಗೂ ಇಲ್ಲ. ಒಂಬತ್ತನೆಯ ಇಯತ್ತೆ ಕಲಿಯುವಾಗ ಕಣ್ಣು ಬಿಡದ ಮರಿಯನ್ನು ತಂದು ಅರಳೆಯಲ್ಲಿ ಹಾಲು ಹಿಂಡಿ ಬದುಕಿಸಿದವಳು ನೀನು. ಸೂಜಿ ಹಾಕಿಸುವುದೋ, ಅವನಾಗಿ ಹೋಗುವ ತನಕ ತೊಡೆಯ ಮೇಲೆ ಇಟ್ಟುಕೊಳ್ಳುವುದೋ, ನೀನೇ ಹೇಳಬೇಕು. ಎಂಟರಲ್ಲಿ ನೀನು ಪ್ರಯಾಣ ಮಾಡುವಂತಿಲ್ಲ, ಬರುತ್ತೇನೆಂದು ಹಟ ಮಾಡಬೇಡ. ಅಳು ಬಂದರೆ ಅತ್ತುಬಿಡು, ಅಳುವುದರಿಂದ ಕೂಸಿಗೆ ಏನೂ ಆಗುವುದಿಲ್ಲ. ನಾಳೆ ವಿಜಯೇಂದ್ರ ಮರಳುವಾಗ ಅವನ ಕೈಯಲ್ಲಿ ಎರಡು ಸಾಲು ಬರೆದು ಕಳಿಸು. ನೀನು ಹೇಳಿದ ಹಾಗೆ ಮಾಡುತ್ತೇವೆ.

ಮಾವನವರು ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಜಬೀನ ನೆನಪು ಮಾಡಿದ್ದಾಳೆ. ನಿಮ್ಮ ತಂದೆ ತಾಯಿಗೆ ನನ್ನ ನಮಸ್ಕಾರ. ನೀನೂ ನಿನ್ನೊಳಗಿರುವ ಜೀವವೂ ಸುಖವಾಗಿ ಎರಡಾಗಿ ನಮ್ಮ ಮಡಿಲಿಗೆ ಬನ್ನಿರಿ.

ನಿನ್ನ ಅತ್ತೆ,
ಲೀಲಾಬಾಯಿ

ತಾ.ಕ. ಬುಧವಾರ. ಅಕ್ಷರ ಸೊಟ್ಟಗಾದರೆ ಅನುಸರಿಸಿ ಓದು, ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಅವನು ತಲೆ ಎತ್ತಲಿಲ್ಲ. ನಿನ್ನ ಉತ್ತರ ಬರುವ ತನಕ ಇರುತ್ತಾನೆಂಬ ನಂಬಿಕೆ ಹೋಯಿತು. ಹೆರಿಗೆ ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದೆ, ನೀನು ಅವನ ಮೈ ಸವರಬಹುದಂತೆ, ಆಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು, ಅವನ ಹಾಸಿಗೆ ಮಾತ್ರ ಮುಟ್ಟಬಾರದು. ವಿಜಯೇಂದ್ರ ಒಳಗೆ ಬಂದು ನಿನಗೆ ಈ ಪತ್ರ ಕೊಟ್ಟಿರುವಾಗ ನಾನು ನಿಮ್ಮ ಮನೆಯ ಮುಂದೆ, ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿದ ಕಾರಿನಲ್ಲಿದ್ದೇನೆ. ಸಾವ್ಕಾರ ನನ್ನ ತೊಡೆಯ ಮೇಲಿದ್ದಾನೆ, ಉಸಿರಾಡುತ್ತಿದ್ದಾನೆ. ನಿಮ್ಮ ತಾಯಿ ಬೈದರೆ ನನ್ನನ್ನು ಬೈಯಲಿ. ನೀನು ಬಾ. ಓಡಬೇಡ ನಮೂ, ಮೆಟ್ಟಿಲು ನೋಡಿಕೊಂಡು ನಿಧಾನವಾಗಿ ಬಾ.