ಉರಿಯೂತವೂ ಇಳಿಯಿತು

ಮಾರ್ಚ್ ೧೨, ಮಂಗಳವಾರ.

ಅಂತೂ ಗೆದ್ದೆ! ಹೃದಯಾಘಾತದ ನಂತರ ಕೊಲೆಸ್ಟ್ರಾಲ್ ಇಳಿದದ್ದೇ ತಡ, ನಮ್ಮ ಯಜಮಾನರು ಮತ್ತೆ ಸಿಗರೇಟು ಹಚ್ಚಿದ್ದರು. ರಕ್ತದಲ್ಲಿ ಉರಿಯೂತ ಹೆಚ್ಚಿದೆಯೆಂದು ವೈದ್ಯರು ಎಚ್ಚರಿಸಿದಂದಿನಿಂದ ಸಿಗರೇಟು ಬಿಡಿಸಿ, ನಿತ್ಯ ಸಂಜೆ ಅವರನ್ನು ನಿಲ್ಲಿಸಿ, ಹೃದಯಾಘಾತ ಏಕಾಗುತ್ತದೆಂಬ ಪಾಠ ಒಪ್ಪಿಸಿಕೊಂಡೆ. ಇಂದಿನ ವರದಿಯಲ್ಲಿ ಕೊಲೆಸ್ಟ್ರಾಲ್ ಜೊತೆಗೆ ಉರಿಯೂತವೂ ಇಳಿದಿದೆ.

"ಹೇಗೆ ಸಾಧಿಸಿದ್ರಿ?" ಎಂದು ವೈದ್ಯರು ಕೇಳಿದೊಡನೆ ಇವರು ಎದ್ದು ನಿಂತೇಬಿಟ್ಟರು.

"ಕೊಬ್ಬು ರಕ್ತನಾಳದ ಗೋಡೆಯೊಳಗೆ ಸೇರುತ್ತೆ, ಉರಿಯೂತ ಅದನ್ನ ಒಡೆಯೋ ಹಾಗೆ ಕೆರಳಿಸುತ್ತೆ, ಸಿಗರೇಟು ಬೆಂಕಿಗೆ ತುಪ್ಪ ಸುರಿಯುತ್ತೆ. ತಪ್ಪು ಹೇಳಿದ್ರೆ ಇವಳು ಕಾಫಿ ಕೊಡಲ್ಲ, ಡಾಕ್ಟ್ರೇ!"

ವೈದ್ಯರು ಬಿದ್ದು ಬಿದ್ದು ನಕ್ಕರು. "ಮೇಡಂ, ಉಳಿದ ಪೇಷಂಟ್‌ಗಳನ್ನೂ ನಿಮ್ಮ ಹತ್ರಾನೇ ಕಳಿಸ್ಲಾ?"

ಧಾರಾಳವಾಗಿ ಕಳಿಸಲಿ. ಇಷ್ಟು ಮೊಂಡ ವಿದ್ಯಾರ್ಥಿಯನ್ನೇ ದಡ ಸೇರಿಸಿದವಳಿಗೆ ಮಿಕ್ಕವರು ಯಾವ ಲೆಕ್ಕ? ಈಗ ಪಕ್ಕದಲ್ಲಿ ಇವರ ಗೊರಕೆ ಕೇಳುತ್ತಿದೆ. ಎಲ್ಲಿ ನಿಂತುಹೋದೀತೋ ಎಂದು ಕಿವಿಗೊಡದೆ, ಇಂದು ಅದನ್ನು ಬೈದುಕೊಂಡೇ ಮಲಗುವ ಭಾಗ್ಯ ನನ್ನದು.