ಅಳಿಸುವ ಸಾಲು

ಮಂಗಳವಾರ, ಅಕ್ಟೋಬರ್ ೧೪

ಇವತ್ತು ಅಣ್ಣನ ತೋರುಬೆರಳು ಮುರಿದೆ. ಅವನ ಕೈ ಮೇಜಿನ ಡ್ರಾಯರಿನೊಳಗೆ ಇದ್ದಾಗಲೇ ಡ್ರಾಯರನ್ನು ಒದ್ದೆ. ಲಟಕ್ಕೆಂದ ಸದ್ದು ಇನ್ನೂ ಕಿವಿಯಲ್ಲಿದೆ. ಅವನು ದರ್ಜಿ. ಸೂಜಿಯ ಕೆಳಗೆ ಬಟ್ಟೆ ನೂಕುವುದು ಅದೇ ಬೆರಳು.

ನಾನು ಕಂಪ್ಯೂಟರಿನಲ್ಲಿ ಆಡುವ ಕತ್ತಿಕಾಳಗದ ಆಟದ ಸೋರ್ಸ್ ಕೋಡ್ ಯಾರು ಬೇಕಾದರೂ ಇಳಿಸಿಕೊಂಡು ತಿದ್ದಬಹುದು. ಮೂರು ತಿಂಗಳು ಕೂತು ಅದರೊಳಗೆ ನನ್ನದೊಂದು ಕೋಟೆ ಕಟ್ಟಿದ್ದೆ. ಕೋಡನ್ನೆಲ್ಲ ಜೋಡಿಸಿ ಆಡಬಲ್ಲ ಆಟವಾಗಿ ಕಟ್ಟುವ ಬಿಲ್ಡ್ ಮಾತ್ರ ದಿನಾ ಎಡವುತ್ತಿತ್ತು. ಇವತ್ತು ನಾನು ಸ್ನಾನಕ್ಕೆ ಹೊರಟಾಗ ಅಣ್ಣ, "ನಾನೊಂದ್ಸಲ ಬಿಲ್ಡ್ ಒತ್ತಲೇನೋ?" ಅಂದ. ಹೂಂ ಅಂದೆ. ಬಂದು ನೋಡಿದರೆ ಕೋಟೆಯ ಫೋಲ್ಡರೇ ಇಲ್ಲ. "ಎಲ್ಲೋ ಕಾಪಿ ಇಟ್ಟಿರ್ತೀಯ, ತಡಿ" ಎನ್ನುತ್ತ ಅವನು ಡ್ರಾಯರಿನಲ್ಲಿ ಪೆನ್ ಡ್ರೈವ್ ಹುಡುಕುತ್ತಿದ್ದ. ನನಗೆ ರಕ್ತ ನೆತ್ತಿಗೇರಿತು.

"ಒಂದು ಆಟಕ್ಕೆ ಒಡಹುಟ್ಟಿದವನ ಬೆರಳು ಮುರೀತೀಯಾ? ಮನುಷ್ಯನಾ ನೀನು?" ಅತ್ತಿಗೆ ಕೂಗಾಡಿದರು. ಡಾಕ್ಟರ ಮುಂದೆ ಅಣ್ಣ, "ಬಾಗಿಲಿಗೆ ಸಿಕ್ಕಾಕೊಳ್ತು" ಅಂದ. ಆಗಲೂ ನನ್ನ ಮುಷ್ಟಿ ಬಿಗಿದೇ ಇತ್ತು.

ಈಗ ಬಿಲ್ಡ್ ಫೈಲ್ ತೆರೆದು ನೋಡಿದೆ. ಕಟ್ಟುವ ಮೊದಲು ಹಳೆಯ ಫೋಲ್ಡರುಗಳನ್ನೆಲ್ಲ ಅಳಿಸು ಎಂಬ ಸಾಲು ಶುರುವಿನಲ್ಲೇ ಇದೆ. ಹಳೇ ಕಸ ಉಳಿಯಬಾರದೆಂದು ನಿನ್ನೆ ರಾತ್ರಿ ನಾನೇ ಸೇರಿಸಿದ್ದು; ಕೋಟೆಯ ಫೋಲ್ಡರೂ ಅದಕ್ಕೆ ಸಿಕ್ಕಿದೆ. ಅವನು ಒತ್ತದಿದ್ದರೆ, ಸ್ನಾನ ಮುಗಿಸಿ ಬಂದು ನಾನೇ ಒತ್ತುತ್ತಿದ್ದೆ.

ಕೋಟೆಯಿಲ್ಲದ ಬಿಲ್ಡ್ ಇವತ್ತು ಒಂದೂ ತಪ್ಪಿಲ್ಲದೆ ಮುಗಿದಿದೆ.

ಗೋಡೆಯಾಚೆ ಅಣ್ಣ ನರಳುತ್ತಿದ್ದಾನೆ. ಹೋಗಿ ಹೇಳಬೇಕು. ಹೇಳಿದರೆ "ಹೋಗ್ಲಿ ಬಿಡೋ" ಅಂದುಬಿಡುತ್ತಾನೆ. ಹಾಗಂದರೆ ಆ ಕ್ಷಮೆ ತಡೆಯಲಾರದೆ ಹೊಡೆದೇಬಿಡುತ್ತೇನೋ ಏನೋ, ಈ ಕೈಯನ್ನು ನಾನು ನಂಬಲಾರೆ.