ಎಷ್ಟು ಉದ್ದ ಬಿಡಲಿ, ಸರ್?

ವೆಲ್‌ಬ್ರೂಕ್, ಮ್ಯಾಸಚೂಸೆಟ್ಸ್
೧೯೫೭ ನವೆಂಬರ್ ೭, ಗುರುವಾರ

ನನ್ನ ಬಂಗಾರ ಲುದೆಕ್,

ಯೇಸುಕ್ರಿಸ್ತನಿಗೆ ಸ್ತುತಿಯಾಗಲಿ. ಹೇಗಿದ್ದೀಯ ಮಗನೇ? ಕೆಮ್ಮು ಬಿಟ್ಟಿತೇ? ಜಾರ್ಜಿಯಾದಲ್ಲಿ ನವೆಂಬರಿನಲ್ಲೂ ಬೆವರುತ್ತದೆ ಎಂದು ಬರೆದಿದ್ದೆಯಲ್ಲ. ಬೆವರಿದ ಮೈಗೆ ಗಾಳಿ ಹೊಡೆಸಿಕೊಳ್ಳಬೇಡ. ಸೇನೆಯವರು ಕೊಟ್ಟ ಬೂಟು ಹಿಮ್ಮಡಿ ಕಚ್ಚುತ್ತದೆ ಎಂದಿದ್ದೆಯಲ್ಲ, ಒಳಗೆ ಹಂದಿಯ ಕೊಬ್ಬು ಸವರಿ ಒಂದು ದಿನ ಹಾಗೇ ಬಿಡು, ಮೆತ್ತಗಾಗುತ್ತದೆ. ನಾವು ದೇವರ ದಯೆಯಿಂದ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಹಾಗೇ ಇದೆ, ಆದರೆ ಬಾಯಿಗೆ ಏನೂ ಆಗಿಲ್ಲ. ಈರುಳ್ಳಿಯೆಲ್ಲ ಕಿತ್ತು ಒಣಗಿಸಿ ಗೋದಾಮಿಗೆ ಹಾಕಿದ್ದಾಯಿತು. ನದಿ ಕಡೆಯ ಹೊಲದಲ್ಲಿ ಈ ಸಲ ಗೆಡ್ಡೆ ಸಣ್ಣದು, ಆದರೆ ಗಟ್ಟಿ. ಎಲೆಕೋಸು ಕೊಚ್ಚಿ, ಹುಳಿ ಬರಲೆಂದು ಉಪ್ಪು ಹಾಕಿ ಪೀಪಾಯಿಗೆ ತುಂಬಿದ್ದೇನೆ. ಅದನ್ನು ತುಳಿದು ಅದುಮಲು ನಿನ್ನ ಕಾಲಿಲ್ಲ ಎಂದು ಅಪ್ಪ ತಾನೇ ಇಳಿದರು. ಇಳಿಯುವಾಗ ಮಂಡಿಯನ್ನು ಬೈದರು, ಹತ್ತುವಾಗ ನನ್ನನ್ನು ಬೈದರು.

ನಿನ್ನ ಕಾಗದ ಸೋಮವಾರ ಬಂತು. ಐದು ಸಾಲು. ಕ್ರಿಸ್‌ಮಸ್‌ಗೆ ಹತ್ತು ದಿನ ರಜೆ ಸಿಗುತ್ತದೆ, ಆದರೆ ಊರಿಗೆ ಬರುವುದಿಲ್ಲ, ಕಾಯಬೇಡಿ ಎಂದಿದ್ದೀಯ. ಯಾಕೆ ಎಂದು ಬರೆದಿಲ್ಲ. ಅಪ್ಪನಿಗೆ ಓದಿ ಹೇಳಿದೆ. ಕ್ರಿಸ್‌ಮಸ್ ಹಿಂದಿನ ಸಂಜೆ ಹೇಗೂ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವಲ್ಲ, ಅವನದೇ ಅಂದುಕೊಳ್ಳೋಣ ಎಂದೆ. ಅದಕ್ಕೆ ಅವರು, "ಆ ತಟ್ಟೆ ದಾರಿ ತಪ್ಪಿ ಬರೋ ಪರದೇಶಿಗೆ ಕಣೇ, ಮಗನಿಗಲ್ಲ" ಎಂದು ಎದ್ದು ಕೊಟ್ಟಿಗೆಗೆ ಹೋದರು. ಆ ಮಾತು ಮೂರು ದಿನದಿಂದ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿದೆ. ಮಗ ಪರದೇಶಿಯಾದದ್ದು ಯಾರಿಂದ ಎಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು. ನಿನಗೂ ಗೊತ್ತು. ಒಂದು ವರ್ಷದಿಂದ ಇಬ್ಬರೂ ಬಾಯಿ ಬಿಟ್ಟಿಲ್ಲ, ಇವತ್ತು ನಾನು ಬಿಡುತ್ತೇನೆ. ನಾಲ್ಕು ಕ್ಲಾಸು ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊದಲು ಆ ಬಿಳಿ ಬೂಟಿನ ಮಾತು. ನೀನು ಇದೇ ಊರಿನ ಕಾಲೇಜಿನ ಎರಡನೆಯ ವರ್ಷದಲ್ಲಿದ್ದೆ, ವಾಸ ಅಲ್ಲಿಯೇ, ಒಂದು ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದು ಮಲಗಿದ್ದೆ. ಬಾಗಿಲ ಬಳಿ ನಿನ್ನ ಬಿಳಿ ತೊಗಲಿನ ಬೂಟು ಬಿದ್ದಿತ್ತು, ಬಿಳಿ ಎನ್ನಲು ಬಾಯಿ ಬರದಷ್ಟು ಕೊಳೆ. ಕುರ್ಚಿಯ ಮೇಲೆ ನಿನ್ನ ಅಂಗಿ, ಕಾಲರಿನ ಅಂಚು ಸವೆದು ನೂಲು ನೂಲಾಗಿತ್ತು. ನಾನು ಹುಟ್ಟಿದ ಹಳ್ಳಿಯಲ್ಲಿ ಮಗ ಅಂಥ ಕಾಲರು ಹಾಕಿಕೊಂಡು ಇಗರ್ಜಿಯ ಪೂಜೆಗೆ ಬಂದರೆ ಜನ ಮಗನನ್ನು ನೋಡುವುದಿಲ್ಲ, ತಾಯಿಯನ್ನು ನೋಡುತ್ತಾರೆ. ಕುಳಿತು ಕಾಲರು ಬಿಚ್ಚಿದೆ, ಸವೆದ ಮಗ್ಗುಲು ಒಳಕ್ಕೆ ಮಾಡಿ ಮತ್ತೆ ಹೊಲಿದೆ, ಗಂಜಿ ಹಾಕಿ ಇಸ್ತ್ರಿ ಮಾಡಿದೆ. ಬೂಟನ್ನು ಬ್ರಷ್ಷಿನಿಂದ ಉಜ್ಜಿ, ನಾನು ಹೊಲಿಯುವ ಅಂಗಡಿಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನೇ ಅರೆದು ಬಳಿದೆ. ಹಿಮದ ಹಾಗೆ ಹೊಳೆಯಿತು. ಎದ್ದು ನೋಡಿ ನೀನು ನನ್ನ ಕೆನ್ನೆಗೆ ಮುತ್ತಿಟ್ಟು, ಅದನ್ನೇ ಹಾಕಿಕೊಂಡು ಹೋದೆ.

ಮುಂದಿನ ಭಾನುವಾರ ನೀನು ನಗುತ್ತಾ ಹೇಳಿದೆ. ಕಾಲೇಜಿನ ಊಟದ ಮನೆಯಲ್ಲಿ ಹುಡುಗರೆಲ್ಲ ಎದ್ದು ನಿಂತು, "ಏನಯ್ಯಾ ಮದುಮಗ, ಹುಡುಗಿ ಎಲ್ಲಿ?" ಎಂದರಂತೆ. "ಮುಟ್ಟಬೇಡ್ರೋ, ಬಣ್ಣ ಇನ್ನೂ ಹಸಿ ಇದೆ" ಎಂದು ಒಬ್ಬ ಕೂಗಿದನಂತೆ. ಆಮೇಲೆ ನೀನು ನಮ್ಮ ಈರುಳ್ಳಿ ಹೊಲಕ್ಕೆ ಇಳಿದು ಆ ಬೂಟಿನಲ್ಲೇ ಕೆಸರು ತುಳಿದೆ. "ಅಮ್ಮಾ, ಆ ಕೊಳೆ ಬರ್ಸೋಕೆ ಒಂದು ತಿಂಗಳು ಕಷ್ಟಪಟ್ಟಿದ್ದೆ ಕಣಮ್ಮಾ!" ಎಂದೆ. ಅಪ್ಪ ಬೇಲಿಯ ಮೇಲೆ ಒರಗಿಕೊಂಡು, "ಮೊದ್ಲೇ ಹೇಳಿದ್ರೆ ಇಲ್ಲಿಂದ್ಲೇ ಕಳಿಸ್ತಿದ್ನಲ್ಲೋ, ನಮ್ಮಲ್ಲಿ ಕೊಳೆ ಪುಕ್ಕಟೆ" ಎಂದರು. ಮೂವರೂ ನಕ್ಕೆವು. ಆದರೆ ನಿನ್ನ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ. ಹೆತ್ತವಳಿಗೆ ಕಿವಿ ನೋಡಿದರೆ ಸಾಕು.

ನೋಡು, ಇಪ್ಪತ್ತು ವರ್ಷದಿಂದ ಆ ಕಾಲೇಜಿನ ಹುಡುಗರ ಬಟ್ಟೆ ನನ್ನ ಕೈಯಲ್ಲೇ ಓಡಾಡಿದೆ. ಕೋಟಿನ ಭುಜಕ್ಕೆ ಹತ್ತಿ ತುಂಬಬಾರದು, ದೇವರು ಕೊಟ್ಟ ಭುಜವೇ ಕಾಣಬೇಕು. ಸೊಂಟದ ಬಳಿ ಹಿಡಿಯಬಾರದು, ಗೋಣಿಚೀಲದ ಹಾಗೆ ನೇರ ಇಳಿಯಬೇಕು. ಮೂರು ಗುಂಡಿ ಇಟ್ಟು ನಡುವಿನದೊಂದನ್ನೇ ಹಾಕಬೇಕು, ಮೇಲಿನದು ಎದೆಯ ಮಡಿಕೆಯೊಳಗೆ ಸುಮ್ಮನೆ ಮಲಗಿರಬೇಕು. ಪ್ಯಾಂಟಿನ ತುದಿಯನ್ನು ಹೊರಕ್ಕೆ ಒಂದೂಮುಕ್ಕಾಲು ಇಂಚು ಮಡಿಚಬೇಕು, ಕಾಲುಚೀಲ ಒಂಚೂರು ಇಣುಕಬೇಕು. ಇಷ್ಟೆಲ್ಲ ಕಣ್ಣು ಮುಚ್ಚಿ ಮಾಡುತ್ತಿದ್ದೆ. ಆದರೆ ಹೊಲಿಗೆಯಲ್ಲಿ ಇಲ್ಲದ ಒಂದು ಕಟ್ಟಳೆ ಇತ್ತಲ್ಲ, ಹೊಸದು ಹೊಸದಾಗಿ ಕಾಣಬಾರದು, ಸವೆದದ್ದನ್ನು ಸವೆದ ಹಾಗೇ ಗೌರವದಿಂದ ಹಾಕಿಕೊಳ್ಳಬೇಕು ಎಂಬುದು, ಅದು ನನ್ನ ತಲೆಗೆ ಹೋಗಿರಲೇ ಇಲ್ಲ. ಮೊಣಕೈ ಹರಿದ ಕೋಟು ತಂದು, "ಇದು ನಮ್ಮ ತಾತಂದು, ತೊಗಲಿನ ತೇಪೆ ಹಾಕಿ, ತೇಪೆ ಕಾಣ್ಲಿ" ಎನ್ನುವ ಹುಡುಗರನ್ನು ನೋಡಿ ಶೋಕಿ ಅಂದುಕೊಂಡಿದ್ದೆ. ಉಳ್ಳವರಿಗೆ ಹರಕು ಒಂದು ಆಟ, ನಮಗೆ ಹರಕು ಎಂದರೆ ಹರಕೇ. ನೀನು ಆ ಆಟವನ್ನು ಕಷ್ಟಪಟ್ಟು ಕಲಿತಿದ್ದೆ, ನಾನು ಒಂದು ಮಧ್ಯಾಹ್ನದಲ್ಲಿ ಕೆಡಿಸಿದೆ. ಆವತ್ತೇ ಕಪ್ಪು ಮಾತೆ ಎಂದು ನಾವು ಕರೆಯುವ ಆ ಕಪ್ಪು ಮುಖದ ದೇವಮಾತೆಯ ಪಟದ ಮುಂದೆ ಮೊಣಕಾಲೂರಿ ಹೇಳಿಕೊಂಡೆ: ತಾಯೀ, ನನ್ನ ಕೈ ಇನ್ನು ಅವನ ಬಟ್ಟೆಯ ಮೇಲೆ ಬೀಳದಿರಲಿ, ನನ್ನ ನೆರಳು ಅವನ ಕಾಲೇಜಿನ ಕಡೆ ಬೀಳದಿರಲಿ. ತಪ್ಪು ಪ್ರಾರ್ಥನೆಯನ್ನೂ ದೇವರು ಕೇಳಿಸಿಕೊಳ್ಳುತ್ತಾನೆ ಎಂದು ಆಗ ಗೊತ್ತಿರಲಿಲ್ಲ.

ಈಗ ಹೋದ ವರ್ಷದ ಅಕ್ಟೋಬರಿಗೆ ಬರುತ್ತೇನೆ. ಅಂಗಡಿಯ ಪದ್ಧತಿ ನಿನಗೆ ಗೊತ್ತೇ ಇದೆ. ಯಜಮಾನ ಥ್ಯಾಕ್ಸ್ಟರ್ ಗಿರಾಕಿಯ ಜೊತೆ ಮಾತಾಡುತ್ತಾರೆ, ನಾನು ಪರದೆಯ ಹಿಂದೆ. "ಪಾಲಿ" ಎಂದು ಕರೆದಾಗ ಹೊರಗೆ ಬಂದು ಮಂಡಿಯೂರಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಉದ್ದ ಗುರುತು ಹಾಕಿ ಒಳಗೆ ಹೋಗಬೇಕು. ಹುಡುಗರು ಕನ್ನಡಿ ನೋಡುತ್ತಾರೆ, ಕೆಳಗೆ ನೋಡುವುದಿಲ್ಲ. ಮುಖ ನೋಡಿದರೆ ಗೊತ್ತಾಗದವರು ಕಣಕಾಲು ನೋಡಿದರೆ ನನಗೆ ಗೊತ್ತಾಗುತ್ತಾರೆ. ಆ ದಿನ ನಾಲ್ವರು ಬಂದಿದ್ದರು, ಹಾಡುವ ತಂಡದವರು, ಎಲ್ಲರಿಗೂ ಒಂದೇ ಬಗೆಯ ಬೂದು ಪ್ಯಾಂಟು, ನೀಲಿ ಕೋಟು. ಮೂವರದು ಮುಗಿಸಿದೆ. ನಾಲ್ಕನೆಯ ಜೊತೆ ಕಾಲು ಮುಂದೆ ಬಂದು ನಿಂತಿತು. ಕಾಲುಚೀಲ ಜಾರಿದ ಎಡಗಣಕಾಲಿನಲ್ಲಿ ಕುಡುಗೋಲು ತಾಗಿದ ಗಾಯದ ಗುರುತು. ನಾನೇ ಕಟ್ಟು ಕಟ್ಟಿದ ಗಾಯ.

ತಲೆ ಎತ್ತಿದೆ. ನೀನು ಕನ್ನಡಿ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದೆ, ಮುಖದಲ್ಲಿ ಎಂಥದೋ ಬೆಳಕು. ಪಕ್ಕದಲ್ಲಿ ನಿನ್ನ ಗೆಳೆಯ, ಆ ಎತ್ತರದ ಹಾರ್ಲೋ, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ನೀನು, "ಇವ್ರೇ ಕಣ್ರೋ, ನಮ್ಮ..." ಎಂದೆ. ನಾನು ಪಿನ್ನುಗಳನ್ನು ಅಂಗೈಗೆ ಉಗಿದು, ನಿನ್ನ ಮಾತನ್ನು ಅಲ್ಲೇ ತುಂಡು ಮಾಡಿದೆ. "ಎಷ್ಟು ಉದ್ದ ಬಿಡಲಿ, ಸರ್?"

ನನ್ನ ಮಗನಿಗೆ ಸರ್ ಎಂದೆ. ನೀನು ಕನ್ನಡಿಯ ಕಡೆ ತಿರುಗಿದೆ. "ನಿಮಗೆ ಸರಿ ಕಂಡಷ್ಟು ಬಿಡಿ, ಮೇಡಂ" ಎಂದೆ. ಒಂದು ಪಿನ್ನು ಬಟ್ಟೆ ದಾಟಿ ನಿನ್ನ ಚರ್ಮಕ್ಕೆ ಚುಚ್ಚಿತು. ನೀನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆ ಭಾನುವಾರ ನೀನು ಮನೆಗೆ ಬರಲಿಲ್ಲ, ಪರೀಕ್ಷೆ ಎಂದು ಹೇಳಿ ಕಳಿಸಿದೆ. ಆಮೇಲೆ ಬಂದಾಗಲೂ ನೆಂಟರ ಹಾಗೆ ಬಂದೆ. ಜೂನಿನಲ್ಲಿ ಪದವಿ ಕೊಡುವ ದಿನ ನಾನೂ ಅಪ್ಪನೂ ಕಟ್ಟಕಡೆಯ ಸಾಲಿನಲ್ಲಿ ಕುಳಿತು, ಊಟಕ್ಕೆ ಕರೆಯುವ ಮೊದಲೇ ಎದ್ದು ಬಂದೆವು. ಹಾಗೆ ಎಬ್ಬಿಸಿಕೊಂಡು ಬಂದವಳೂ ನಾನೇ. ಬೇಸಿಗೆ ಮುಗಿಯುವುದರೊಳಗೆ ನೀನು ಸೇನೆಗೆ ಹೆಸರು ಕೊಟ್ಟೆ.

ಪಾದ್ರಿಗಳ ಬಳಿ ನಾನು ಪಾಪನಿವೇದನೆ ಮಾಡಿದೆ. ಅವರು ವಯಸ್ಸಾದವರು, ಕಿವಿ ಮಂದ. "ಸುಳ್ಳು ಹೇಳಿದೆಯಾ ಮಗಳೇ?" ಎಂದರು. ಇಲ್ಲ ಸ್ವಾಮಿ, ಸರ್ ಅಂದುಬಿಟ್ಟೆ ಎಂದು ಹೇಳಿದೆ. "ಮರ್ಯಾದೆ ಕೊಡೋದು ಪಾಪ ಅಲ್ಲಮ್ಮ, ಹೋಗು" ಎಂದು ಕಳಿಸಿಬಿಟ್ಟರು. ಪ್ರಾಯಶ್ಚಿತ್ತವನ್ನೂ ಕೊಡಲಿಲ್ಲ. ಕೊಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನನಗೆ ನಾನೇ ಒಂದು ಸಮಾಧಾನ ಹೊಲಿದುಕೊಂಡೆ: ಶಿಷ್ಯ ಪೇತ್ರ ಯೇಸುಸ್ವಾಮಿಯನ್ನು ಅರಿಯೆ ಎಂದದ್ದು ತನ್ನ ಜೀವ ಉಳಿಸಿಕೊಳ್ಳಲು, ನಾನು ಅರಿಯೆ ಎಂದದ್ದು ಮಗನ ಮಾನ ಉಳಿಸಲು. ಒಂದು ವರ್ಷ ಅದನ್ನೇ ಹೊದ್ದುಕೊಂಡು ಮಲಗಿದೆ. ಅಪ್ಪನ ಮಾತು ಕೇಳಿದ ಮೇಲೆ ಆ ಹೊದಿಕೆ ಉಳಿಯಲಿಲ್ಲ. ನಿಜ ಬೇರೆ, ಲುದೆಕ್. ಮಂಡಿಯೂರಿದ್ದವಳು ನಾನು. ಏಪ್ರನ್ ತುಂಬ ಸೀಮೆಸುಣ್ಣ, ತಲೆಗೂದಲಲ್ಲಿ ನೂಲು. ಅಂಥ ಹೊತ್ತಿನಲ್ಲಿ ಇವಳೇ ನನ್ನ ತಾಯಿ ಎಂದು ನೀನು ತೋರಿಸುವುದನ್ನು ನನ್ನ ಜಂಬ ಒಪ್ಪಲಿಲ್ಲ. ಭಾನುವಾರದ ಟೋಪಿ ಹಾಕಿಕೊಂಡು, ನೆಟ್ಟಗೆ ನಿಂತಿದ್ದಾಗ ತೋರಿಸಬೇಕಿತ್ತು ನನಗೆ. ಕಾಪಾಡಿದ್ದು ನಿನ್ನನ್ನಲ್ಲ, ನನ್ನನ್ನು.

ಮನೆಯಲ್ಲೇ ನಾನು ಮಡಿಚಿ ಕೊಡಬಹುದಾಗಿದ್ದ ಪ್ಯಾಂಟನ್ನು ನೀನು ಅಂಗಡಿಗೆ ಯಾಕೆ ತಂದೆ ಎಂದು ಆಗ ಯೋಚಿಸಲಿಲ್ಲ. ಗೆಳೆಯರು ಎಳೆದುಕೊಂಡು ಬಂದಿರಬೇಕು ಅಂದುಕೊಂಡೆ. ಈಗ ಯೋಚಿಸುತ್ತೇನೆ, ಕೈಯಲ್ಲಿ ಸೂಜಿ ಇದ್ದಾಗಲೆಲ್ಲ ಅದೇ ಯೋಚನೆ. ಉತ್ತರ ನಿನ್ನ ಬಳಿ ಇದೆ. ಹೇಳು ಎಂದು ಕೇಳುವ ಮುಖ ನನಗಿಲ್ಲ.

ಅಲ್ಲಿ ಈಗ ಎಲ್ಲರಿಗೂ ಒಂದೇ ಬಟ್ಟೆ, ಒಂದೇ ಬಣ್ಣ, ಯಾವ ಗುಂಡಿ ಹಾಕಬೇಕು ಎಂದು ಸೇನೆಯೇ ಹೇಳುತ್ತದೆ. ಅದು ಒಳ್ಳೆಯದೇ ಅನ್ನಿಸುತ್ತದೆ. ಗುಂಡಿ ಕಿತ್ತುಹೋದರೆ ನೀನೇ ಹೊಲಿದುಕೊಳ್ಳುತ್ತೀಯಾ? ನೂಲಿಗೆ ಸ್ವಲ್ಪ ಮೇಣ ತಿಕ್ಕು, ತಡೆಯುತ್ತದೆ. ದಿನಾ ಜಪಸರ ಮಾಡು, ಐದೂ ಮಣಿಸಾಲು ಆಗದಿದ್ದರೆ ಒಂದಾದರೂ. ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾರೆ. ಬಾಯಿಬಿಟ್ಟು ಹೇಳಿಲ್ಲ, ನಾನು ಬರೆಯುತ್ತಿರುವುದನ್ನು ನೋಡಿ ದೀಪ ಹತ್ತಿರ ತಂದಿಟ್ಟರು, ಅದೇ. ಕಪ್ಪು ಮಾತೆ ತನ್ನ ಸೆರಗಿನ ಕೆಳಗೆ ನಿನ್ನನ್ನು ಇಟ್ಟುಕೊಳ್ಳಲಿ, ಕಾವಲಿನ ಹೊತ್ತಿನಲ್ಲಿ ನಿನ್ನ ದೇವದೂತನಿಗೆ ತೂಕಡಿಕೆ ಬಾರದಿರಲಿ.

ನಿನ್ನನ್ನು ಹೆತ್ತವಳು,
ಅಪೊಲೊನಿಯಾ ದುಬಿಯೆಲ್

ಮರೆತ ಮಾತು: ಶನಿವಾರ, ಹನ್ನೊಂದೂಮುಕ್ಕಾಲು. ಅಂಚೆ ಕಚೇರಿಯಲ್ಲಿ ನಿಂತುಕೊಂಡೇ ಗೀಚುತ್ತಿದ್ದೇನೆ, ಹನ್ನೆರಡಕ್ಕೆ ಕಿಟಕಿ ಮುಚ್ಚುತ್ತಾರೆ. ಎರಡು ದಿನದಿಂದ ಈ ಕಾಗದ ಚೀಲದಲ್ಲೇ ಇತ್ತು, ಹಾಕಲು ಧೈರ್ಯ ಬಂದಿರಲಿಲ್ಲ. ಇವತ್ತು ಕಾಲೇಜಿನಲ್ಲಿ ಫುಟ್‌ಬಾಲ್ ಆಟ, ಹಳೆಯ ಹುಡುಗರೆಲ್ಲ ಬಂದಿದ್ದಾರೆ. ಬೆಳಿಗ್ಗೆ ಹಾರ್ಲೋ ಅಂಗಡಿಗೆ ಬಂದ, ಹೊಟ್ಟೆ ಬಂದಿದೆ, ಪ್ಯಾಂಟಿನ ಸೊಂಟ ಬಿಡಿಸಿಕೊಡಿ ಎಂದು. ಅಂಗಡಿ ತುಂಬ ಜನ. ನಾನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಲುದ್ವಿಕ್ ನನ್ನ ಮಗ" ಎಂದೆ. ಥ್ಯಾಕ್ಸ್ಟರ್ ಅಳತೆ ಪಟ್ಟಿ ಕೆಳಗೆ ಹಾಕಿ, "ಪಾಲಿ, ನಿಂಗೆ ಕಾಲೇಜು ಓದಿದ ಮಗ ಇದ್ದಾನಾ!" ಎಂದರು. ಹಾರ್ಲೋಗೆ ಆಶ್ಚರ್ಯವೇ ಆಗಲಿಲ್ಲ. "ಗೊತ್ತು ಮಿಸೆಸ್ ದುಬಿಯೆಲ್. ಕಾಲೇಜಿಗೆ ಬಂದ ಮೊದಲ್ನೇ ವಾರಾನೇ ಹೇಳಿದ್ದ, ಈ ಊರಲ್ಲಿ ಒಳ್ಳೇ ಕೋಟು ಯಾರದೇ ಮೈಮೇಲಿದ್ರೂ ಅದು ನಮ್ಮಮ್ಮನ ಕೈ ಅಂತ. ಆವತ್ತು ನಾವು ಬಂದಿದ್ದೇ ನಿಮ್ಮನ್ನ ನೋಡೋಕೆ, ಪ್ಯಾಂಟು ಬರೀ ನೆಪ" ಎಂದ. ಆಮೇಲೆ ಮೆಲ್ಲಗೆ, "ಹೊರಗೆ ಬಂದ್ಮೇಲೆ ಅವನು ಒಂದೇ ಮಾತು ಹೇಳಿದ. ನನ್ನನ್ನ ಮಗ ಅಂತ ಹೇಳ್ಕೊಳ್ಳೋಕೆ ಅಮ್ಮನಿಗೆ ನಾಚಿಕೆ ಕಣ್ರೋ, ಕಾಲೇಜು ಸೇರಿ ನಾನೇ ಅಪ್ಪ ಅಮ್ಮನ ಥರ ಉಳೀಲಿಲ್ಲವಲ್ಲ ಅಂದ" ಎಂದ.

ಲುದೆಕ್, ಅಂಚೆಯವರು ಗಡಿಯಾರ ನೋಡುತ್ತಿದ್ದಾರೆ. ಕ್ರಿಸ್‌ಮಸ್‌ಗೆ ಬಾರದಿದ್ದರೆ ಬಾರದಿರು, ನನ್ನ ಮೇಲೆ ಸಿಟ್ಟಿದ್ದರೆ ಇಟ್ಟುಕೋ, ಅದು ನನಗೆ ಸಲ್ಲಬೇಕಾದದ್ದೇ. ಆದರೆ ಆ ಒಂದು ಮಾತನ್ನು ನಿಜ ಎಂದು ಇನ್ನೊಂದು ದಿನವೂ ನಂಬಿಕೊಂಡಿರಬೇಡ.